ತಕ್ಕಡಿ ಸುಳ್ಳು ಹೇಳಿದ್ರೂ ನಿಜವಾದ ತೂಕ ತೆಗೆಯೋದು ಹೇಗೆ: ಎರಡು ತಟ್ಟೆಯ ತಕ್ಕಡಿಗೊಂದು ಸಮಗ್ರ ಮಾರ್ಗದರ್ಶಿ

ಡಿಜಿಟಲ್ ತೂಕದ ಮಷೀನ್ ಬಂದ್ಮೇಲೆ ಎರಡು ತಟ್ಟೆಯ ತಕ್ಕಡಿನ ಎಲ್ರೂ ಅಟ್ಟಕ್ಕೆ ಹಾಕಿದ್ರು, ನಾನೂ ಹಾಕಿದ್ದೆ. ಒಂದಿನ ಎರಡು ಟ್ಯೂಬ್‌ನ ಅಂಟು ಕಲಸೋಕೆ ಅಳತೆ ಬೇಕಿತ್ತು, ಮಷೀನ್ ಆನ್ ಆಗ್ಲಿಲ್ಲ, ಸೆಲ್ ಸತ್ತಿತ್ತು, ಬೇರೆ ಸೆಲ್ಲೂ ಇರ್ಲಿಲ್ಲ, ಕೊನೆಗೆ ಒಂದು ಮರದ ಸ್ಕೇಲು, ಎರಡು ಡಬ್ಬದ ಮುಚ್ಚಳ, ಒಂದಷ್ಟು ದಾರ ಹಿಡ್ಕೊಂಡು ಕೂತೆ. ಅಂಟು ಅವತ್ತು ಕಲಸಿ ಮುಗೀತು, ತಕ್ಕಡಿ ಹುಚ್ಚು ಮಾತ್ರ ಇನ್ನೂ ಬಿಟ್ಟಿಲ್ಲ.

ಈ ಯಂತ್ರಕ್ಕೆ ಬರೋದು ಒಂದೇ ಮಾತು: ಈ ಕಡೆ ಜಾಸ್ತಿ, ಆ ಕಡೆ ಜಾಸ್ತಿ, ಇಲ್ಲಾ ಎರಡೂ ಸಮ. ಎಷ್ಟು ಅಂತ ಅದು ಯಾವತ್ತೂ ಹೇಳಲ್ಲ. ಆದ್ರೆ ಈ ಮೂರೇ ಉತ್ತರ ಇಟ್ಕೊಂಡು ತೂಕ ಬಿಡಿ, ಜಾಗದ ವಿಸ್ತೀರ್ಣ, ಕಲ್ಲಿನ ಗಾತ್ರ, ಡಬ್ಬದಲ್ಲಿರೋ ಸ್ಕ್ರೂ ಲೆಕ್ಕ, ಗಾಳಿಯ ತೂಕ, ಇವತ್ತಿನ ತೇವಾಂಶ ಎಲ್ಲಾನೂ ಎಳೀಬಹುದು. ಇನ್ನೊಂದು ವಿಷ್ಯ, ಇದಕ್ಕೆಲ್ಲ ತಕ್ಕಡಿ ಸರಿಯಾಗಿರಲೇಬೇಕು ಅಂತೇನಿಲ್ಲ, ಡೊಂಕಾಗಿದ್ರೂ ಪರ್ವಾಗಿಲ್ಲ, ಪ್ರತಿ ಸಲ ಒಂದೇ ಥರ ಡೊಂಕಾಗಿದ್ರೆ ಸಾಕು. ಅದು ಹೇಗೆ ಅಂತ ಮುಂದೆ ಬರತ್ತೆ, ಮೊದಲು ಒಂದು ತಕ್ಕಡಿ ಮಾಡ್ಕೊಳ್ಳೋಣ.

ತಕ್ಕಡಿ ಕಟ್ಟೋದು

30 ಸೆಂ.ಮೀ. ಮರದ ಸ್ಕೇಲು ತಗೊಳ್ಳಿ. ಅದರ ಅಗಲದ ಸರಿ ಮಧ್ಯದಲ್ಲಿ ಉದ್ದಕ್ಕೆ ಒಂದು ಗೆರೆ ಹಾಕಿ, ಆಮೇಲೆ ಅದಕ್ಕಿಂತ 3 ಮಿ.ಮೀ. ಮೇಲೆ ಇನ್ನೊಂದು ಗೆರೆ. ಮೇಲಿನ ಗೆರೆ ಮೇಲೆ 1, 15, 29 ಸೆಂ.ಮೀ. ಹತ್ರ ಸಣ್ಣ ತೂತು ಕೊರೀರಿ. ಮೂರೂ ತೂತು ಒಂದೇ ಗೆರೆ ಮೇಲೆ ಇರಬೇಕು, ಇಲ್ಲಿ ಸೋಮಾರಿತನ ಬೇಡ. ತಟ್ಟೆ ನೇತಾಡೋ ತೂತು ನಡುವಿನ ತೂತಿಗಿಂತ ಕೆಳಗಿದ್ರೆ ಭಾರ ಹಾಕ್ತಾ ಹಾಕ್ತಾ ತಕ್ಕಡಿ ಜಡ ಆಗತ್ತೆ, ಮೇಲಿದ್ರೆ ಭಾರ ಬಿದ್ದ ಕೂಡಲೇ ಯಾವುದೋ ಒಂದು ಕಡೆಗೆ ದೊಪ್ ಅಂತ ಬಿದ್ದುಬಿಡತ್ತೆ.

ನಡುವಿನ ತೂತಿಗೆ ದಪ್ಪ ಸೂಜಿ ಬಿಗಿಯಾಗಿ ತೂರಿಸಿ, ಅಲ್ಲಾಡಬಾರದು. ಎರಡು ಗಾಜಿನ ಲೋಟನ ಎರಡು ಪುಸ್ತಕದ ಗುಡ್ಡೆ ಮೇಲೆ ಬೋರಲು ಹಾಕಿ, ನಡುವೆ ನಾಲ್ಕೈದು ಸೆಂ.ಮೀ. ಜಾಗ ಬಿಟ್ಟು, ಸೂಜಿಯ ಎರಡೂ ತುದಿ ಲೋಟದ ಮೇಲೆ ಕೂರೋ ಹಾಗೆ ಇಡಿ. ಗಾಜಿನ ಮೇಲೆ ಸೂಜಿ ಉರುಳತ್ತೆ, ಉಜ್ಜಲ್ಲ, ಹಾಗಾಗಿ ದಾರದಲ್ಲಿ ನೇತುಹಾಕಿದ್ದಕ್ಕಿಂತ ಸಕತ್ ಹಗುರವಾಗಿ ಆಡತ್ತೆ. ತುದಿಯ ತೂತುಗಳಿಗೆ ಪೇಪರ್ ಕ್ಲಿಪ್ ಬಿಚ್ಚಿ ಕೊಕ್ಕೆ ಮಾಡಿ ಹಾಕಿ, ಅದಕ್ಕೆ ಮೂರು ಮೂರು ದಾರ ಕಟ್ಟಿದ ಮುಚ್ಚಳಗಳು. ಇದೇ ನಿಮ್ಮ ತಟ್ಟೆ.

ಈಗ ಮುಳ್ಳು. ಪೊರಕೆ ಕಡ್ಡಿ ಒಂದನ್ನ ಸುಮಾರು 20 ಸೆಂ.ಮೀ.ಗೆ ಕತ್ತರಿಸಿ ಸ್ಕೇಲಿನ ನಡುವಿಂದ ಕೆಳಮುಖವಾಗಿ ಅಂಟಿಸಿ, ಹಿಂದೆ ಗ್ರಾಫ್ ಪೇಪರ್ ನಿಲ್ಸಿ. ಕಡ್ಡಿಗೆ ಜೇಡಿಮಣ್ಣಿನ ಒಂದು ಚಿಕ್ಕ ಉಂಡೆ ಮೆತ್ತಿ, ಅದನ್ನ ಮೇಲೆ ಕೆಳಗೆ ಸರಿಸಬಹುದು. ಉಂಡೆ ಮೇಲೆ ಹೋದಷ್ಟೂ ತಕ್ಕಡಿ ಸೂಕ್ಷ್ಮ ಆಗತ್ತೆ, ಆದ್ರೆ ನಿಧಾನವಾಗಿ ತೂಗಾಡ್ತಾ ನಿಮ್ಮ ತಾಳ್ಮೆ ತಿನ್ನತ್ತೆ, ಕೆಳಗೆ ಬಂದಷ್ಟೂ ಬೇಗ ನಿಲ್ಲತ್ತೆ ಆದ್ರೆ ಮೊದ್ದು. ಇವೆರಡನ್ನೂ ಒಟ್ಟಿಗೆ ಕೊಡೋ ತಕ್ಕಡಿ ಇಲ್ಲ, ನಿಮ್ಮ ಕೆಲಸಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ನಿಲ್ಸಿಕೊಳ್ಳಿ. ಖಾಲಿ ಇದ್ದಾಗ ಒಂದು ಕಡೆ ವಾಲಿದ್ರೆ ಹಗುರ ಇರೋ ಕಡೆ ಒಂಚೂರು ಮಣ್ಣು ಅಂಟಿಸಿ.

ಓದೋಕೂ ಒಂದು ಕ್ರಮ ಇದೆ. ಮುಳ್ಳು ನಿಲ್ಲೋತನಕ ಕಾಯಬೇಡಿ. ಸೂಜಿಗೆ ಎಷ್ಟೇ ಕಮ್ಮಿ ಉಜ್ಜಾಟ ಇದ್ರೂ ನಿಂತ ಮುಳ್ಳು ಅಲ್ಲೇ ಒಂಚೂರು ಸಿಕ್ಕಿಹಾಕಿಕೊಂಡಿರತ್ತೆ. ಆಡ್ತಿರುವಾಗ್ಲೇ ಮೂರು ತುದಿ ಬರ್ಕೊಳ್ಳಿ, ಬಲ, ಎಡ, ಮತ್ತೆ ಬಲ. ಉದಾಹರಣೆಗೆ 12, 4, 10 ಅಂತ ಬಂತು ಅಂದ್ಕೊಳ್ಳಿ. ಒಂದೇ ಕಡೆಯ ಎರಡರ ಸರಾಸರಿ 11, ಅದನ್ನ 4ರ ಜೊತೆ ಸರಾಸರಿ ಮಾಡಿದ್ರೆ 7.5. ಮುಳ್ಳು ಕೊನೆಗೆ ನಿಲ್ಲಬೇಕಾದ ಜಾಗ ಅದೇ.

ಫ್ಯಾನ್ ಆಫ್ ಮಾಡಿ, ಇದನ್ನ ಮರೆತು ಅರ್ಧ ಗಂಟೆ ತಲೆ ಕೆಡಿಸಿಕೊಂಡವನು ನಾನೇ. ಬಿಸಿ ವಸ್ತು ತೂಗಲೇಬೇಡಿ, ಬಿಸಿ ಗಾಳಿ ಮೇಲೇಳೋವಾಗ ತಟ್ಟೆನೂ ಎತ್ತತ್ತೆ, ವಸ್ತು ಹಗುರ ಅನ್ಸತ್ತೆ.

ಸುಳ್ಳು ತಕ್ಕಡಿಯಿಂದ ನಿಜ ಹೊರಡಿಸೋದು

ನೀವು ಎಷ್ಟೇ ಹುಷಾರಾಗಿ ಕೊರೆದ್ರೂ ಎರಡು ತೋಳು ಸರಿಸಮ ಇರಲ್ಲ. ಖಾಲಿ ಇದ್ದಾಗ ಮುಳ್ಳು ನೆಟ್ಟಗೆ ನಿಂತಿರತ್ತೆ, ನೋಡಿ ಖುಷಿ ಆಗ್ತೀರಿ, ಭಾರ ಹಾಕಿದ ಮೇಲೆ ಮೋಸ ಶುರು, ಯಾಕಂದ್ರೆ ಉದ್ದ ತೋಳಿನ ಕಡೆ ಕಮ್ಮಿ ಭಾರ ಹಾಕಿದ್ರೂ ಸಮ ಅಂತ ತೋರಿಸತ್ತೆ. ಪತ್ತೆ ಮಾಡೋದು ಸುಲಭ: ಎರಡೂ ಕಡೆ ಭಾರ ಹಾಕಿ ಸಮ ಮಾಡಿ, ಆಮೇಲೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅದಲು ಬದಲು ಮಾಡಿ. ಆಗಲೂ ಸಮ ಇದ್ರೆ ತಕ್ಕಡಿ ಸಾಚಾ.

ಸಾಚಾ ಇಲ್ಲ ಅಂದ್ರೆ ಎರಡು ದಾರಿ. ನನಗಿಷ್ಟ ಆಗೋದು ಫ್ರಾನ್ಸಿನ ವಿಜ್ಞಾನಿ ಬೋರ್ಡಾ ಹೆಸರಲ್ಲಿ ಕರೆಯೋ ವಿಧಾನ, ಆತ 1733ರಿಂದ 1799ರವರೆಗೆ ಬದುಕಿದ್ದವನು. ಮೊದಲು ತೂಗಬೇಕಾದ ವಸ್ತು ಎಡಕ್ಕೆ ಇಡಿ. ಬಲಕ್ಕೆ ಮರಳೋ, ನೀರೋ, ಹಳೇ ನಟ್ಟೋ ಏನಾದ್ರೂ ಹಾಕಿ ಸಮ ಮಾಡಿ, ಅದು ಎಷ್ಟು ಅಂತ ನಿಮಗೆ ಗೊತ್ತಿರಬೇಕಿಲ್ಲ. ಈಗ ಎಡಗಡೆಯ ವಸ್ತು ತೆಗೀರಿ, ಬಲಗಡೆ ಮುಟ್ಟಬೇಡಿ. ಎಡದ ಅದೇ ತಟ್ಟೆಗೆ ತೂಕದ ಕಲ್ಲು ಒಂದೊಂದೇ ಹಾಕ್ತಾ ಮುಳ್ಳು ಮತ್ತೆ ಮೊದಲಿನ ಗೆರೆಗೇ ಬರೋ ಹಾಗೆ ಮಾಡಿ. ಆ ಕಲ್ಲುಗಳ ಮೊತ್ತವೇ ನಿಮ್ಮ ವಸ್ತುವಿನ ತೂಕ. ವಸ್ತುನೂ ಕಲ್ಲೂ ಒಂದೇ ತಟ್ಟೆಯಲ್ಲಿ, ಒಂದೇ ತೋಳಿನ ಮೇಲೆ ಕೂತಿದ್ವಲ್ಲ, ತೋಳು ಎಷ್ಟು ಡೊಂಕಾಗಿದ್ರೂ ಇಬ್ಬರಿಗೂ ಆದ ಮೋಸ ಒಂದೇ. ಇದು ಗೊತ್ತಾದ್ಮೇಲೆ ಬಟ್ಟೆ ಹ್ಯಾಂಗರ್‌ಗೆ ಎರಡು ಕವರ್ ನೇತುಹಾಕಿದ್ರೂ ಅದು ತಕ್ಕಡಿನೇ.

ಇನ್ನೊಂದು ದಾರಿ ಜರ್ಮನಿಯ ಗಣಿತಜ್ಞ ಗೌಸ್‌ದು. ವಸ್ತುನ ಎಡಕ್ಕಿಟ್ಟು ಒಂದ್ಸಲ, ಬಲಕ್ಕಿಟ್ಟು ಒಂದ್ಸಲ ತೂಗಿ. ಒಂದ್ಸಲ 400 ಗ್ರಾಂ, ಇನ್ನೊಂದ್ಸಲ 441 ಗ್ರಾಂ ಬಂತು ಅಂದ್ಕೊಳ್ಳಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದ್ರೆ ಸರಿಯಾಗಿ 420. ಕೂಡಿಸಿ ಅರ್ಧ ಮಾಡಿದ್ರೆ 420.5 ಬರತ್ತೆ, ಅದು ತಪ್ಪು, ಆದ್ರೆ ಎರಡು ತೂಕದ ನಡುವೆ ವ್ಯತ್ಯಾಸ ಚಿಕ್ಕದಿದ್ರೆ ಸಾಮಾನ್ಯ ಸರಾಸರಿನೇ ಸಾಕು, ವರ್ಗಮೂಲಕ್ಕೆ ಒದ್ದಾಡೋ ಅಗತ್ಯ ಇಲ್ಲ.

1889ರಿಂದ 2019ರ ತನಕ ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ತುಂಡೇ ಇಡೀ ಪ್ರಪಂಚದ ಕಿಲೋಗ್ರಾಂ ಆಗಿತ್ತಲ್ಲ, ಅದರ ನಕಲುಗಳನ್ನ ಹೋಲಿಸಿ ನೋಡೋಕೆ ಬಳಸಿದ್ದೂ ಇದೇ ಬದಲಿಸಿ ತೂಗೋ ಉಪಾಯ, ಯಂತ್ರ ಮಾತ್ರ ನಮ್ಮ ಸ್ಕೇಲಿಗಿಂತ ಸಾವಿರ ಪಾಲು ನಾಜೂಕು. 2019ರ ಮೇ 20ರಿಂದ ಕಿಲೋಗ್ರಾಮನ್ನ ಪ್ಲಾಂಕ್ ಸ್ಥಿರಾಂಕ ಅನ್ನೋ, ಭೌತಶಾಸ್ತ್ರದಲ್ಲಿ ಯಾವತ್ತೂ ಬದಲಾಗದ ಒಂದು ಸಂಖ್ಯೆ ಮೇಲೆ ನಿಲ್ಲಿಸಿದ್ದಾರೆ, ಆ ಸಂಖ್ಯೆಯಿಂದ ಕಿಲೋಗ್ರಾಂ ಹೊರಡಿಸೋಕೆ ಬಳಸೋದ್ರಲ್ಲಿ ಒಂದು ಕಿಬ್ಬಲ್ ಬ್ಯಾಲೆನ್ಸ್. ಅದೂ ಒಂಥರಾ ತಕ್ಕಡಿನೇ, ಒಂದು ಕಡೆ ಭಾರ, ಅದಕ್ಕೆ ಎದುರಾಗಿ ಕರೆಂಟು ಹರಿಯೋ ಸುರುಳಿಯ ಬಲ.

ತೂಕದ ಕಲ್ಲು ಇಲ್ವಾ? ಪೇಪರ್ ಇದ್ಯಲ್ಲ

ಪ್ರಿಂಟರ್ ಹಾಳೆ ಕಟ್ಟಿನ ಮೇಲೆ 80 ಜಿಎಸ್ಎಂ ಅಂತ ಬರೆದಿರತ್ತೆ, ಅಂದ್ರೆ ಒಂದು ಚದರ ಮೀಟರ್‌ಗೆ 80 ಗ್ರಾಂ. ಎ0 ಹಾಳೆ ಅಂದ್ರೆ ಒಂದು ಚದರ ಮೀಟರ್, ಅದನ್ನ ನಾಲ್ಕು ಸಲ ಅರ್ಧ ಮಾಡಿದ್ರೆ ಎ4, ಅಂದ್ರೆ 16ರಲ್ಲಿ ಒಂದು ಪಾಲು. 80 ಭಾಗಿಸು 16, ಒಂದು ಎ4 ಹಾಳೆ 5 ಗ್ರಾಂ! ಮಡಚಿ ಅರ್ಧ ಹರಿದ್ರೆ 2.5 ಗ್ರಾಂ, ಇನ್ನೂ ಅರ್ಧ 1.25. ಒಂದು ಸೆಂ.ಮೀ. ಚೌಕ ಕತ್ತರಿಸಿದ್ರೆ 8 ಮಿಲಿಗ್ರಾಂ. 500 ಹಾಳೆಯ ಒಡೆಯದ ಕಟ್ಟು, ಹೊದಿಕೆ ಬಿಟ್ಟು, ಎರಡೂವರೆ ಕೆಜಿ. ಮಿಲಿಗ್ರಾಂನಿಂದ ಕೆಜಿ ತನಕ ಇಡೀ ಸೆಟ್ ನಿಮ್ಮ ಮೇಜಿನ ಮೇಲೇ ಬಿದ್ದಿದೆ.

ಮೇಲೆ ಹೇಳಿದ ಹಾಗೆ ಕಟ್ಟಿದ ತಕ್ಕಡಿ 8 ಮಿಲಿಗ್ರಾಂ ಚೌಕಕ್ಕೆ ಅಲ್ಲಾಡಬೇಕು, ಸ್ಕೇಲು, ಕಡ್ಡಿ ಎಲ್ಲ ಸೇರಿ 30 ಗ್ರಾಂ ಇದ್ದು ಅದರ ಗುರುತ್ವ ಕೇಂದ್ರ ಸೂಜಿಗಿಂತ 3 ಮಿ.ಮೀ. ಕೆಳಗಿದ್ರೆ ಲೆಕ್ಕದ ಪ್ರಕಾರ 20 ಸೆಂ.ಮೀ. ಮುಳ್ಳಿನ ತುದಿ ಸುಮಾರು ಎರಡೂವರೆ ಮಿ.ಮೀ. ಸರಿಯತ್ತೆ. ಸರೀಲಿಲ್ಲ ಅಂದ್ರೆ ಜೇಡಿಮಣ್ಣಿನ ಉಂಡೆ ಮೇಲೆ ತಳ್ಳಿ, ಸೂಜಿ ಒರೆಸಿ.

ಪೇಪರ್‌ಗೆ ಒಂದೇ ಕೆಟ್ಟ ಬುದ್ಧಿ, ಗಾಳಿಯ ತೇವ ಕುಡಿಯತ್ತೆ. ಒದ್ದೆ ದಿನ ಒಂದೆರಡು ಪರ್ಸೆಂಟ್ ಜಾಸ್ತಿನೇ ತೂಗಬಹುದು. ಅದಕ್ಕೆ ಸೂಜಿ ಇಲ್ಲದ ಸಿರಿಂಜ್ ಇಟ್ಕೊಂಡು ಚೆಕ್ ಮಾಡಿ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಮಿಲಿ ನೀರು 0.997 ಗ್ರಾಂ, ಅಂದ್ರೆ 1 ಗ್ರಾಮೇ ಅನ್ನಿ. ಒಂದು ತಟ್ಟೆಗೆ ಹಾಳೆ, ಇನ್ನೊಂದಕ್ಕೆ ಹಗುರ ಮುಚ್ಚಳ, ಆ ಮುಚ್ಚಳವನ್ನ ಮೊದಲು ಸಮ ಮಾಡ್ಕೊಂಡಿರಬೇಕು, ಅದಕ್ಕೆ ಸಿರಿಂಜಿಂದ 5 ಮಿಲಿ. ಹಾಳೆ ಸಾಚಾನಾ ಇಲ್ವಾ ಗೊತ್ತಾಗತ್ತೆ. ಸಿರಿಂಜ್‌ನ ದೊಡ್ಡ ಲಾಭ ಏನಂದ್ರೆ ಅಂತರಗಳಿಲ್ಲದ ತೂಕದ ಕಲ್ಲು ಸಿಕ್ಕಿದ ಹಾಗೆ, ಹನಿ ಹನಿ ಬಿಡ್ತಾ ಸಮ ಆದಾಗ ಎಷ್ಟು ಮಿಲಿ ಬಿಟ್ಟಿರಿ ಅಂತ ನೋಡಿದ್ರೆ ಅದೇ ತೂಕ.

ಹಾಳೆ ಹಿಡ್ಕೊಂಡು ದಿನಾ ಒದ್ದಾಡೋ ಬದಲು ಒಂದ್ಸಲ ಇದರಿಂದ ಶಾಶ್ವತ ತೂಕದ ಬಟ್ಟು ಮಾಡ್ಕೊಳ್ಳಿ: ನಟ್ಟು ವಾಷರ್‌ಗೆ ತಂತಿ ಸುತ್ತಿ, ತಂತಿ ಕತ್ತರಿಸ್ತಾ ಕತ್ತರಿಸ್ತಾ ಹಾಳೆಗೆ ಸಮ ಮಾಡಿ. ಎಷ್ಟು ಬಟ್ಟು ಬೇಕು ಅನ್ನೋದ್ರಲ್ಲೂ ಮಜಾ ಇದೆ. 1, 2, 4, 8, 16, 32, 64 ಗ್ರಾಂನ ಏಳು ಬಟ್ಟು ಇದ್ರೆ 1ರಿಂದ 127ರ ತನಕ ಯಾವ ಪೂರ್ಣ ಗ್ರಾಂ ಬೇಕಾದ್ರೂ ತೂಗಬಹುದು, ಹರಪ್ಪದ ಜನ ಮಾಡಿದ ಘನಾಕಾರದ ಚಿಕ್ಕ ತೂಕದ ಕಲ್ಲುಗಳಲ್ಲೂ ಈ ದುಪ್ಪಟ್ಟಾಗ್ತಾ ಹೋಗೋ ಸಾಲೇ ಕಾಣೋದು. ಆದ್ರೆ ಬಟ್ಟುನ ಎರಡೂ ತಟ್ಟೆಗೆ ಹಾಕಬಹುದು ಅಂದ್ರೆ ಲೆಕ್ಕವೇ ಬೇರೆ: 1, 3, 9, 27, ನಾಲ್ಕೇ ಬಟ್ಟು, 1ರಿಂದ 40ರ ತನಕ ಎಲ್ಲಾ ತೂಕ. 25 ಬೇಕಾ? ವಸ್ತುವಿನ ಕಡೆ 3, ಎದುರಿಗೆ 27 ಮತ್ತು 1. 14 ಬೇಕಾ? ವಸ್ತುವಿನ ಕಡೆ 9, 3, 1 ಮೂರೂ, ಎದುರಿಗೆ 27 ಒಂದೇ. ಫ್ರಾನ್ಸಿನ ಬಾಶೆ 1612ರಲ್ಲಿ ಅಚ್ಚು ಹಾಕಿಸಿದ ಲೆಕ್ಕದ ಒಗಟುಗಳಲ್ಲಿ ಇದೂ ಒಂದು.

ಇದಕ್ಕಿಂತ ಕಿಲಾಡಿ ಒಂದಿದೆ. ವಸ್ತುವಿನ ತೂಕ ಪೂರ್ಣ ಗ್ರಾಮೇ ಅಂತ ಮೊದಲೇ ಗೊತ್ತಿದ್ರೆ 2, 6, 18, 54 ಬಟ್ಟು ಸಾಕು, 80 ಗ್ರಾಂ ತನಕ ಹೇಳಬಹುದು. ಸಮಸಂಖ್ಯೆಗಳು ನೇರವಾಗಿ ತೂಗತ್ತೆ. ಬೆಸ ಸಂಖ್ಯೆ ಯಾವತ್ತೂ ಸಮ ಆಗಲ್ಲ, ಆದ್ರೆ 36ಕ್ಕಿಂತ ಜಾಸ್ತಿ, 38ಕ್ಕಿಂತ ಕಮ್ಮಿ ಅಂತ ಮುಳ್ಳು ಹೇಳಿದ್ಮೇಲೆ 37 ಅಲ್ದೆ ಇನ್ನೇನು. ಸಮ ಆಗದೇ ಇರೋದೂ ಒಂದು ಮಾಹಿತಿನೇ.

ಎಣಿಸದೇ ಎಣಿಸೋದು

ಡಬ್ಬದ ತುಂಬ ಒಂದೇ ಸೈಜಿನ ಸ್ಕ್ರೂ ಇದೆ, 640 ಬೇಕು. ಕೈಯಲ್ಲಿ 10 ಎಣಿಸಿ ಎಡಕ್ಕೆ ಹಾಕಿ. ಬಲಕ್ಕೆ ಸಮ ಆಗೋತನಕ ಸುರೀರಿ, ಅಲ್ಲೂ 10. ಎರಡನ್ನೂ ಸೇರಿಸಿ ಎಡಕ್ಕೆ, 20. ಮತ್ತೆ ಬಲಕ್ಕೆ ಸುರೀರಿ, ಸೇರಿಸಿ, 40, 80, 160, 320, 640. ಆರೇ ತೂಕ. ಮೊದಮೊದಲು ಹುಷಾರು, ಅಲ್ಲಿ ಒಂದು ಸ್ಕ್ರೂ ತಪ್ಪಿದ್ರೆ ಅದೂ ದುಪ್ಪಟ್ಟಾಗ್ತಾ ಹೋಗತ್ತೆ. ಇದೇ ಕೆಲಸನ ಒಂದೇ ಏಟಿಗೆ ಮಾಡಬೇಕಾ, ಒಂದು ತೋಳು ಇನ್ನೊಂದರ ಹತ್ತರಷ್ಟು ಉದ್ದ ಇರೋ ತಕ್ಕಡಿ ಮಾಡಿ, ಖಾಲಿ ಇದ್ದಾಗ ಸಮ ಮಾಡ್ಕೊಳ್ಳಿ, ಉದ್ದ ತೋಳಿಗೆ 7 ಸ್ಕ್ರೂ ಹಾಕಿದ್ರೆ ಗಿಡ್ಡ ತೋಳಲ್ಲಿ 70ಕ್ಕೆ ಸಮ. ಇಲ್ಲಿ ಒಂದು ಸ್ಕ್ರೂ ಎಷ್ಟು ಗ್ರಾಂ ಅಂತ ಯಾರಿಗೂ ಗೊತ್ತಿಲ್ಲ, ಗೊತ್ತಾಗೋ ಅಗತ್ಯನೂ ಇಲ್ಲ.

ಹಾಗೇ ಒಂದು ಕಳ್ಳ ನಾಣ್ಯ ಹುಡುಕೋ ಆಟ. 12 ನಾಣ್ಯದಲ್ಲಿ ಒಂದು ಖೋಟಾ, ಅದು ಭಾರನೋ ಹಗುರನೋ ಗೊತ್ತಿಲ್ಲ, ಮೂರೇ ತೂಕ. ಮೂರು ತೂಕಕ್ಕೆ ಮೂರು ಮೂರು ಉತ್ತರ ಅಂದ್ರೆ ಒಟ್ಟು 27 ದಾರಿ, ನಮಗೆ ಬೇಕಿರೋದು 24, ಹಾಗಾಗಿ ಇಕ್ಕಟ್ಟಾದ್ರೂ ಜಾಗ ಇದೆ. ನಂಬರ್ ಹಾಕಿ. ಮೊದಲ ತೂಕ 1, 2, 3, 4 ಎದುರು 5, 6, 7, 8. ಸಮ ಬಂದ್ರೆ ಕಳ್ಳ 9ರಿಂದ 12ರಲ್ಲಿದ್ದಾನೆ, ಈಗ 9, 10, 11ನ್ನ ಒಳ್ಳೇ 1, 2, 3ರ ಎದುರು ಹಾಕಿ. ಆಗಲೂ ಸಮ ಅಂದ್ರೆ 12, ಅದನ್ನ 1ರ ಎದುರು ಹಾಕಿ ಭಾರನೋ ಹಗುರನೋ ನೋಡಿ. ಸಮ ಬರದೇ ವಾಲಿದ್ರೆ ಕಳ್ಳ ಭಾರನೋ ಹಗುರನೋ ಆಗಲೇ ಗೊತ್ತಾಯ್ತು, 9 ಎದುರು 10 ಹಾಕಿದ್ರೆ ಮುಗೀತು, ಸಮ ಬಂದ್ರೆ 11.

ಮೊದಲ ತೂಕದಲ್ಲಿ ಎಡ ಕೆಳಗೆ ಹೋದ್ರೆ? 1ರಿಂದ 4ರಲ್ಲಿ ಒಂದು ಭಾರ, ಇಲ್ಲಾ 5ರಿಂದ 8ರಲ್ಲಿ ಒಂದು ಹಗುರ. ಈಗ 1, 2, 5 ಎದುರು 3, 4, 6. ಎಡ ಭಾರ ಅಂದ್ರೆ 1 ಅಥವಾ 2 ಭಾರ, ಇಲ್ಲಾ 6 ಹಗುರ, 1 ಎದುರು 2 ಹಾಕಿ. ಬಲ ಭಾರ ಅಂದ್ರೆ 3 ಅಥವಾ 4 ಭಾರ, ಇಲ್ಲಾ 5 ಹಗುರ, 3 ಎದುರು 4. ಸಮ ಅಂದ್ರೆ 7 ಅಥವಾ 8 ಹಗುರ, ಎರಡನ್ನೂ ಎದುರು ಬದುರು ಹಾಕಿ. ಬಲ ಮೊದಲೇ ಕೆಳಗೆ ಹೋಗಿದ್ರೆ ಇದನ್ನೇ ಉಲ್ಟಾ ಮಾಡಿ. ಮಕ್ಕಳ ಮುಂದೆ ಇದನ್ನ ಬಾಯಲ್ಲಿ ವಿವರಿಸೋಕೆ ಹೋಗ್ಬೇಡಿ, ಕಪ್ಪೆ ತೂಗಿದ ಹಾಗಾಗತ್ತೆ, ಒಂದನ್ನ ಹಿಡಿಯೋ ಹೊತ್ತಿಗೆ ಇನ್ನೊಂದು ಹಾರಿರತ್ತೆ. ತಕ್ಕಡಿ ಕೈಗೆ ಕೊಡಿ.

ಕತ್ತರಿ ಹಿಡಿದು ವಿಸ್ತೀರ್ಣ ತೂಗೋದು

ಎಲೆ, ಕೆರೆಯ ನಕ್ಷೆ, ಪಾದದ ಅಚ್ಚು, ಇಂಥ ಅಡ್ಡಾದಿಡ್ಡಿ ಆಕಾರಗಳ ವಿಸ್ತೀರ್ಣ ಹೇಗೆ ತೆಗೀತೀರಿ? ನನಗೆ ಗೊತ್ತಿರೋದ್ರಲ್ಲಿ ಇದೇ ಚಂದದ ದಾರಿ. ಒಂದೇ ದಪ್ಪದ 300 ಜಿಎಸ್ಎಂ ಕಾರ್ಡ್ ಶೀಟ್ ತಗೊಂಡು ಅದರ ಮೇಲೆ ಆಕಾರ ಬರೆದು ಕತ್ತರಿಸಿ. ಅದೇ ಶೀಟಿಂದ 10 ಸೆಂ.ಮೀ. ಚೌಕಗಳು, 1 ಸೆಂ.ಮೀ. ಅಗಲ 10 ಸೆಂ.ಮೀ. ಉದ್ದದ ಪಟ್ಟಿಗಳು, 1 ಸೆಂ.ಮೀ. ಚೌಕಗಳು ಮಾಡ್ಕೊಳ್ಳಿ, ಇವು ನಿಮ್ಮ 100, 10, 1. ಒಂದು ಕಡೆ ಆಕಾರ, ಇನ್ನೊಂದು ಕಡೆ ಇವು, ಸಮ ಬಂದಾಗ ಎಷ್ಟು ಚದರ ಸೆಂ.ಮೀ. ಅಂತ ಎಣಿಸಿ. ಮತ್ತೆ ಅದೇ ಕಥೆ, ಗ್ರಾಂ ಎಲ್ಲೂ ಬರಲೇ ಇಲ್ಲ.

ನಂಬಿಕೆ ಬರ್ಲಿ ಅಂದ್ರೆ 10 ಸೆಂ.ಮೀ. ತ್ರಿಜ್ಯದ ವೃತ್ತ ಕತ್ತರಿಸಿ ತೂಗಿ. ಮೂರು ದೊಡ್ಡ ಚೌಕ, ಒಂದು ಪಟ್ಟಿ, ನಾಲ್ಕು ಪುಟ್ಟ ಚೌಕ. 3.14! ಪೈ ಬೆಲೆ ತಕ್ಕಡಿಯಿಂದ ಇಳಿದು ಬಂತು. ಕತ್ತರಿ ಕೈ ಎಷ್ಟು ನೆಟ್ಟಗಿದೆ ಅನ್ನೋದ್ರ ಮೇಲೆ ಕೊನೆಯ ಅಂಕಿ, ನನಗೆ ಮೊದಲ ಸಲ ಐದು ಪುಟ್ಟ ಚೌಕ ಬೇಕಾಯ್ತು.

ಗೆಲಿಲಿಯೋನೂ ಇದನ್ನೇ ಮಾಡಿದ್ದ. ಉರುಳೋ ಚಕ್ರದ ಅಂಚಿನ ಒಂದು ಚುಕ್ಕಿ ಗಾಳಿಯಲ್ಲಿ ಒಂದು ಕಮಾನು ಬರೆಯತ್ತಲ್ಲ, ಸೈಕ್ಲಾಯ್ಡ್, ಅದರ ಕೆಳಗಿನ ಜಾಗ ಚಕ್ರದ ಎಷ್ಟರಷ್ಟು ಅಂತ ತಿಳಿಯೋಕೆ ಆಕಾರ ಕತ್ತರಿಸಿ ತೂಗಿದ, ಹೆಚ್ಚುಕಮ್ಮಿ ಮೂರರಷ್ಟು ಬಂತು, ಆದ್ರೆ ಸರಿಯಾಗಿ ಮೂರು ಇರಲಾರದು ಅಂದ್ಕೊಂಡ. ತಕ್ಕಡಿ ಹೇಳಿದ್ದೇ ಸರಿ ಇತ್ತು! ಸರಿಯಾಗಿ ಮೂರು ಅಂತ ಆಮೇಲೆ ಸಾಧಿಸಿ ತೋರಿಸಿದ್ದು ಫ್ರಾನ್ಸಿನ ಗಣಿತಜ್ಞ ರೋಬರ್ವಾಲ್. ಅದೇ ರೋಬರ್ವಾಲ್ 1669ರಲ್ಲಿ ತಟ್ಟೆಗಳು ದಂಡದ ಮೇಲ್ಗಡೆ ಕೂರೋ ತಕ್ಕಡಿ ಕಂಡುಹಿಡಿದವನು, ಅದರಲ್ಲಿ ವಸ್ತುನ ತಟ್ಟೆಯ ಯಾವ ಮೂಲೆಗೆ ಇಟ್ರೂ ತೂಕ ಬದಲಾಗಲ್ಲ.

ನೀರಿನ ಲೋಟದ ಚಮತ್ಕಾರ

ಒಂದು ತಟ್ಟೆ ಮೇಲೆ ಅರ್ಧ ನೀರಿನ ಲೋಟ ಇಟ್ಟು ಎದುರು ಭಾರ ಹಾಕಿ ಸಮ ಮಾಡಿ. ಇದಕ್ಕೆ ಭಾರ ತಾಳೋ ತಕ್ಕಡಿ ಬೇಕು, ಮರದ ಸ್ಕೇಲು ಬಗ್ಗತ್ತೆ. ಈಗ ಬೆರಳನ್ನ ನೀರಲ್ಲಿ ಅದ್ದಿ, ಲೋಟ ಮುಟ್ಟಬೇಡಿ. ಲೋಟದ ಕಡೆ ಕೆಳಗೆ ಹೋಗತ್ತೆ! ನೀರು ಬೆರಳನ್ನ ಮೇಲಕ್ಕೆ ತಳ್ಳತ್ತೆ, ಬೆರಳು ಅಷ್ಟೇ ಬಲದಿಂದ ನೀರನ್ನ ಕೆಳಕ್ಕೆ ತಳ್ಳತ್ತೆ. ಎಷ್ಟು ಬಲ ಅಂದ್ರೆ ಬೆರಳು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು. ಅಂದ್ರೆ ಎದುರು ಎಷ್ಟು ಗ್ರಾಂ ಹಾಕಿ ಸಮ ಮಾಡ್ತೀರೋ ಬೆರಳಿನ ಮುಳುಗಿದ ಭಾಗ ಅಷ್ಟು ಘನ ಸೆಂ.ಮೀ.

ಇದೇ ಥರ ಕಲ್ಲನ್ನ ದಾರಕ್ಕೆ ಕಟ್ಟಿ, ದಾರ ಕೈಯಲ್ಲಿ ಅಥವಾ ಬೇರೆ ಸ್ಟ್ಯಾಂಡಲ್ಲಿ ಹಿಡಿದು, ತಳ ಮುಟ್ಟದ ಹಾಗೆ ಪೂರ್ತಿ ಮುಳುಗಿಸಿ. ಕಲ್ಲು ಹೊರಗೆ 250 ಗ್ರಾಂ, ಮುಳುಗಿಸಿದಾಗ ಹೆಚ್ಚಾಗಿ ಹಾಕಬೇಕಾಗಿದ್ದು 95 ಗ್ರಾಂ ಅಂದ್ರೆ ಸಾಂದ್ರತೆ, ಅಂದ್ರೆ ಒಂದು ಘನ ಸೆಂ.ಮೀ.ಗೆ ಎಷ್ಟು ಗ್ರಾಂ ಅನ್ನೋದು, 250 ಭಾಗಿಸು 95, ಸುಮಾರು 2.63. ಇದನ್ನ ಪಟ್ಟಿ ಜೊತೆ ಹೋಲಿಸಿ: ಅಲ್ಯೂಮಿನಿಯಂ 2.7, ಕಬ್ಬಿಣ 7.87, ತಾಮ್ರ 8.96, ಬೆಳ್ಳಿ 10.5, ಸೀಸ 11.3, ಚಿನ್ನ 19.3. ವಸ್ತುವಿಗೆ ಅಂಟಿದ ಗುಳ್ಳೆಗಳು ಲೆಕ್ಕ ಕೆಡಿಸತ್ತೆ, ನೀರಿಗೆ ಒಂದು ಹನಿ ಸೋಪು ಬಿಟ್ರೆ ಬಿಡಿಸಿಕೊಳ್ಳತ್ತೆ. ತೇಲೋ ವಸ್ತುನ ತೆಳ್ಳಗಿನ ಸೂಜಿಯಿಂದ ಒತ್ತಿ ಮುಳುಗಿಸಿ, ಲೆಕ್ಕ ಅದೇ.

ಚಿನ್ನದ ವಿಷಯಕ್ಕೆ ಜನ ಇದನ್ನ ಬಹಳ ನಂಬ್ತಾರೆ, ಒಂದು ಎಚ್ಚರಿಕೆ. 10 ಗ್ರಾಂ ಅಪ್ಪಟ ಚಿನ್ನ 0.52 ಗ್ರಾಂ ನೀರು ಸರಿಸತ್ತೆ, ಬೆರಕೆ ಸ್ವಲ್ಪ ಇದ್ರೆ 0.56 ಆಗಬಹುದು, ವ್ಯತ್ಯಾಸ ಬರೀ 0.04 ಗ್ರಾಂ, ನಮ್ಮ ಐದು ಪೇಪರ್ ಚೌಕ. ನಿಮ್ಮ ತಕ್ಕಡಿ ಅಷ್ಟು ಸೂಕ್ಷ್ಮ ಇಲ್ದಿದ್ರೆ ತೀರ್ಪು ಕೊಡೋಕೆ ಹೋಗಿ ಮನೇಲಿ ಜಗಳ ಹಚ್ಚಬೇಡಿ. ಮೇಲಾಗಿ ಟಂಗ್‌ಸ್ಟನ್ ಸಾಂದ್ರತೆ 19.25, ಚಿನ್ನಕ್ಕೆ ಅಂಟಿಕೊಂಡಿದೆ, ಅದನ್ನ ಒಳಗೆ ತುಂಬಿದ್ರೆ ಈ ಪರೀಕ್ಷೆ ಸದ್ದಿಲ್ಲದೆ ಪಾಸ್ ಮಾಡತ್ತೆ.

ಗಾಳಿ ತೂಗೋಕೆ ಹೋಗಿ ಮುಗ್ಗರಿಸಿದ್ದು

ಕೋಲಿನ ಎರಡು ತುದಿಗೆ ಎರಡು ಬಲೂನು ಕಟ್ಟಿ ಒಂದನ್ನ ಒಡೆದು "ನೋಡಿ ಗಾಳಿಗೆ ತೂಕ ಇದೆ" ಅನ್ನೋ ಪ್ರಯೋಗ ಎಲ್ಲಾ ಕಡೆ ಇದೆ. ನಾನೂ ಮಾಡ್ದೆ. ಲೀಟರ್‌ಗೆ ಗಾಳಿ 1.2 ಗ್ರಾಂ, ಬಲೂನು 5 ಲೀಟರ್, ಅಂದ್ರೆ 6 ಗ್ರಾಂ ವ್ಯತ್ಯಾಸ ಬರಬೇಕು ಅಂತ ಒಂದು ಹಾಳೆ ರೆಡಿ ಇಟ್ಕೊಂಡು ಕೂತಿದ್ದೆ. ಮುಳ್ಳು ಒಂಚೂರು ಅಲ್ಲಾಡಿ ನಿಂತ್ಕೊಂಡ್ತು. ಯಾಕಂದ್ರೆ ಬಲೂನು ಸುತ್ತಲಿನ 5 ಲೀಟರ್ ಗಾಳಿನ ಸರಿಸಿ ಕೂತಿರತ್ತೆ, ಆ ಗಾಳಿ ಅದನ್ನ ಅಷ್ಟೇ ಮೇಲಕ್ಕೆ ಎತ್ತತ್ತೆ, ರಬ್ಬರ್ ಹಿಂಡಿ ಒಳಗೆ ಒತ್ತೊತ್ತಾಗಿ ತುಂಬಿದ ಆ ಚೂರು ಹೆಚ್ಚುವರಿ ಗಾಳಿ ಮಾತ್ರ ತಕ್ಕಡಿಗೆ ಕಾಣೋದು.

ಸರಿಯಾಗಿ ಮಾಡ್ಬೇಕಂದ್ರೆ ಫುಟ್‌ಬಾಲ್ ತಗೊಳ್ಳಿ. ದುಂಡಗೆ ಆಗೋಷ್ಟು ಮಾತ್ರ ಗಾಳಿ ಇದ್ದು ಮೆತ್ತಗಿರುವಾಗ ಎದುರು ಭಾರ ಹಾಕಿ ಸಮ ಮಾಡಿ, ಆಮೇಲೆ ಕೆಳಗಿಳಿಸಿ ಪಂಪ್ ಹೊಡೆದು ಗಟ್ಟಿ ಮಾಡಿ ಮತ್ತೆ ಇಡಿ. ಚೆಂಡಿನ ಗಾತ್ರ ಸುಮಾರು ಐದೂವರೆ ಲೀಟರ್, ಅದು ಬದಲಾಗಲ್ಲ, ಒಳಗೆ 0.8 ಅಟ್ಮಾಸ್ಫಿಯರ್ ಹೆಚ್ಚುವರಿ ಒತ್ತಡ ಬಂದ್ರೆ ತುಂಬಿದ ಗಾಳಿ 5 ಗ್ರಾಂ ಹತ್ರ. ಎದುರಿಗೆ ಒಂದು ಎ4 ಹಾಳೆ ಹಾಕಿ, ಸಮ!

ಇದೇ ತೇಲಿಸೋ ಗುಣದಿಂದ ಇನ್ನೊಂದು ತಮಾಷೆ: ತಟ್ಟೆ ಜಾಗದಲ್ಲಿ ಎರಡು ದೊಡ್ಡ ಪೇಪರ್ ಚೀಲ ಬಾಯಿ ಮೇಲೆ ಮಾಡಿ ನೇತುಹಾಕಿ ಸಮ ಮಾಡಿ. ಜಗ್‌ನಲ್ಲಿ ವಿನೆಗರ್‌ಗೆ ಅಡುಗೆ ಸೋಡಾ ಹಾಕಿ, ನೊರೆ ಇಳಿದ ಮೇಲೆ ಜಗ್‌ನಲ್ಲಿರೋ ಗ್ಯಾಸ್ ಮಾತ್ರ, ದ್ರವ ಬೀಳದ ಹಾಗೆ, ಒಂದು ಚೀಲಕ್ಕೆ ಸುರೀರಿ. ಕಣ್ಣಿಗೆ ಏನೂ ಕಾಣಲ್ಲ ಆದ್ರೆ ಚೀಲ ನಿಧಾನಕ್ಕೆ ಕೆಳಗಿಳಿಯತ್ತೆ, ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ.

ಸುಟ್ರೆ ವಸ್ತು ಹಗುರ ಆಗತ್ತೆ ಅಂದ್ಕೊಂಡಿರೋರಿಗೆ ಸ್ಟೀಲ್ ವೂಲ್ ತೋರಿಸಿ. ಪಾತ್ರೆ ಉಜ್ಜೋಕೆ ಬರೋ ಒರಟು ಸುರುಳಿ ಅಲ್ಲ, ಕೂದಲಿನಷ್ಟು ತೆಳುವಾದ ಕಬ್ಬಿಣದ ಎಳೆಗಳದ್ದು. ಲೋಹದ ತಟ್ಟೆ ಮೇಲೆ ಹರಡಿ ಸಮ ಮಾಡಿ, ಸುತ್ತ ಹತ್ತಿಕೊಳ್ಳೋ ವಸ್ತು ಏನೂ ಇಲ್ಲದ ಕಡೆ, ಕಣ್ಣಿಗೆ ಕನ್ನಡಕ ಹಾಕಿ, ಉದ್ದ ಕಡ್ಡಿಯಿಂದ ಬೆಂಕಿ ತಾಗಿಸಿ. ಕೆಂಡದ ಹುಳ ಹರಿದ ಹಾಗೆ ಉರೀತಾ ಆ ಕಡೆಯೇ ಭಾರ ಆಗತ್ತೆ, ಗಾಳಿಯ ಆಮ್ಲಜನಕ ಕಬ್ಬಿಣಕ್ಕೆ ಸೇರ್ಕೊಂಡಿದ್ದು. 10 ಗ್ರಾಂ ಕಬ್ಬಿಣ ಪೂರ್ತಿ ಕೆಂಪು ಆಕ್ಸೈಡ್ ಆದ್ರೆ 14.3 ಗ್ರಾಂ ಆಗಬೇಕು, ನಾವು ಸುಡೋದ್ರಲ್ಲಿ ಅಷ್ಟು ಬರಲ್ಲ, ಕಿಡಿ ಹಾರಿ ಹೋಗೋದು, ಒಳಗೆ ಸುಡದೇ ಉಳಿಯೋದು ಎಲ್ಲಾ ಇರತ್ತೆ.

ನೀರಿನ ಚರ್ಮದ ಬಲ, ಮತ್ತೆ ಉಣ್ಣೆ

ಮನೇಲಿ ಕಟ್ಟಿದ ಸೂಕ್ಷ್ಮ ತಕ್ಕಡಿಗೆ ತಕ್ಕ ಪ್ರಯೋಗ ಇದು. ಮೈಕ್ರೋಸ್ಕೋಪ್‌ನ ಗಾಜಿನ ಸ್ಲೈಡ್ ಚೆನ್ನಾಗಿ ತೊಳೆದು ಒಂದು ತಟ್ಟೆ ಬದಲು ನೆಟ್ಟಗೆ ನೇತುಹಾಕಿ, 25 ಮಿ.ಮೀ. ಅಂಚು ಕೆಳಗೆ ಬರಬೇಕು. ಸಮ ಮಾಡಿ. ಕೆಳಗಿಂದ ನೀರಿನ ಬಟ್ಟಲನ್ನ ನಿಧಾನಕ್ಕೆ ಎತ್ತಿ, ನೀರು ಸ್ಲೈಡಿನ ಅಂಚನ್ನ ಮುಟ್ಟಿದ ಕೂಡಲೇ ಹಿಡಿದು ಎಳ್ಕೊಳ್ಳತ್ತೆ. ಈಗ ಎದುರು ತಟ್ಟೆಗೆ ಪೇಪರ್ ಚೌಕ ಒಂದೊಂದೇ ಹಾಕ್ತಾ ಹೋಗಿ, ಅಂಚು ಸರಿಯಾಗಿ ನೀರಿನ ಮಟ್ಟದಲ್ಲೇ ಇರೋ ಹಾಗೆ ನೋಡ್ಕೊಳ್ಳಿ. ಸ್ಲೈಡ್ ಕಿತ್ಕೊಂಡು ಬರೋ ಹೊತ್ತಿಗೆ 0.38 ಗ್ರಾಂ ಆಸುಪಾಸು, ಅಂದ್ರೆ ಸುಮಾರು 48 ಚೌಕ ಆಗಿರಬೇಕು. ನೀರಿನ ಮೇಲ್ಮೈ ಎಳೆತ ಮೀಟರ್‌ಗೆ 0.072 ನ್ಯೂಟನ್, ನೀರು ಮುಟ್ಟೋ ಸ್ಲೈಡಿನ ಅಂಚಿನ ಸುತ್ತಳತೆ 52 ಮಿ.ಮೀ., ಲೆಕ್ಕ ಹಾಕಿ ನೋಡಿ. ಒಂದು ಹನಿ ಸೋಪು ಬಿಟ್ಟು ಮತ್ತೆ ಮಾಡಿದ್ರೆ ಅರ್ಧಕ್ಕಿಂತ ಕಮ್ಮಿ ಚೌಕಕ್ಕೇ ಬಿಟ್ಟುಬಿಡತ್ತೆ.

ತಕ್ಕಡಿಗೆ ಬೇರೆ ಕೆಲಸ ಇಲ್ಲದಾಗ ಬಿಚ್ಚಿ ಇಡಬೇಡಿ. ಜರ್ಮನಿಯ ಕೂಸಾದ ನಿಕೋಲಸ್ 1450ರಲ್ಲಿ ಬರೆದಿಟ್ಟ ಉಪಾಯ ಒಂದಿದೆ: ಒಂದು ತಟ್ಟೆಗೆ ಉಣ್ಣೆ, ಇನ್ನೊಂದಕ್ಕೆ ಕಲ್ಲು, ಒಣ ದಿನದಲ್ಲಿ ಸಮ ಮಾಡಿ ಬಿಡೋದು. ಗಾಳಿ ತೇವ ಆದಾಗ ಉಣ್ಣೆ ನೀರು ಹೀರಿ ಕೆಳಗಿಳಿಯತ್ತೆ, ಒಣಗಿದಾಗ ಮೇಲೇಳತ್ತೆ. ಉಣ್ಣೆ ಉಂಡೆ ಮಾಡಬೇಡಿ, ಬಿಡಿಸಿ ಹರಡಿ, ಇಲ್ಲಾಂದ್ರೆ ಒಳಗಿನ ಎಳೆಗೆ ಗಾಳಿ ತಲುಪೋಕೆ ದಿನವಿಡೀ ಬೇಕು. ಎದುರು ತಟ್ಟೆಗೆ ಪೇಪರ್ ಹಾಕಬೇಡಿ, ಅದೂ ಕುಡುಕನೇ, ಲೋಹದ ಬಟ್ಟು ಹಾಕಿ. ಮೊದಲ ವಾರ ದಿನಾ ಒಂದೇ ಹೊತ್ತಿಗೆ ಮುಳ್ಳು ಎಲ್ಲಿದೆ ಅಂತ ಗ್ರಾಫ್ ಪೇಪರ್ ಮೇಲೆ ಪೆನ್ಸಿಲ್‌ನಲ್ಲಿ ತಾರೀಖಿನ ಜೊತೆ ಗುರುತು ಹಾಕಿ. ಗಾಳಿ ಬೀಸೋ ಕಿಟಕಿಯಿಂದ ದೂರ ಇಡಿ, ತಿಂಗಳಿಗೊಮ್ಮೆ ಉಣ್ಣೆ ಮೇಲಿನ ಧೂಳು ಕೊಡವಿ ಮತ್ತೆ ಸಮ ಮಾಡಿ, ಧೂಳಿಗೂ ತೂಕ ಇದೆ.